ಅಜ್ಜಿ ಪೂಜೆ ಮಾಡಿದ ಎರಡು ಮೊಬೈಲುಗಳು

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ನಮ್ಮ ಹೆಡ್ ಕ್ಯಾಷಿಯರು. ನಮ್ಮ ಬ್ಯಾಂಕಿನ ವಿಜಯವಾಡದ ಒನ್ ಟೌನ್ ಶಾಖೆಯಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿ ಕೂರುತ್ತಿದ್ದವರು, ನಮ್ಮ ಹಾಸನದ ಕಡೆಯವರೇ. ಮೊಬೈಲು ಬಂದ ಹೊಸದರಲ್ಲಿ ಇಂಥವು ಮನೆಮನೆಯಲ್ಲೂ ಆಗುತ್ತಿದ್ದವು. ಅವರ ಮನೆಯಲ್ಲಿ ಮಾತ್ರ ಮಗಳ ಮದುವೆಯೇ ತೂಗಾಡಿತು.

೧. ಆರಿದ ಕಾಫಿ

ಆಯುಧ ಪೂಜೆಯ ದಿನ ಪೆಂಡುರ್ತಿ ಎಂಬ ಊರಿನ ತೆಲುಗು ಹುಡುಗ ಸೋದರಮಾವನ ಜೊತೆ ಹೆಣ್ಣು ನೋಡಲು ಬಂದ. ಮೊಬೈಲ್ ಫೋನು, ಅದರ ಸಿಗ್ನಲ್ ಗೋಪುರದ ಯಂತ್ರ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರು. ಕ್ಯಾಷಿಯರ ಮಗನಿದ್ದದ್ದು ಅದರ ಎದುರಾಳಿ ಕಂಪನಿಯಲ್ಲಿ. ಎರಡೂ ಕಂಪನಿಗಳು ಪೇಟೆಂಟಿಗಾಗಿ ಹೊರದೇಶದ ಕೋರ್ಟಿನಲ್ಲಿ ಕಾದಾಡುತ್ತಿದ್ದವು.

"ನಿಮ್ಮವರು ನಮ್ಮ ವಿಧಾನವನ್ನೇ ಕದ್ದರು" ಎಂದನಂತೆ ಹುಡುಗ.

"ಏಮಂಡಿ, ಕದಿಯೋಕೆ ನಿಮ್ಮ ಹತ್ರ ಏನಿತ್ತು?" ಎಂದ ಕ್ಯಾಷಿಯರ ಮಗ.

ಹುಡುಗಿ ಕಾಫಿ ಹಿಡಿದು ನಿಂತೇ ಇದ್ದಳು. ಅಜ್ಜಿ, ಅಂದರೆ ಕ್ಯಾಷಿಯರ ತಾಯಿ, ಮಗನ ಕಿವಿಯಲ್ಲಿ ಹೇಳಿದರಂತೆ: "ಹುಡುಗ ಲಕ್ಷಣವಾಗಿದಾನೆ ಕಣೋ. ಆದರೆ ಕಳ್ಳತನದ ಕೇಸು ಮುಗೀಲಿ, ಆಮೇಲೆ ಮುಹೂರ್ತ."

೨. ಹಿಡಿಸದ ಪಿನ್ನು

ಹೇಗೋ ಹುಡುಗ ಹುಡುಗಿ ಇಬ್ಬರೂ ಒಪ್ಪಿದರು. ಹುಡುಗನ ತಾಯಿ ಮೊದಲೇ ಹೇಳಿ ಕಳಿಸಿದ್ದರು: "ಒಪ್ಪಿಗೆಯಾದರೆ ರಾಹುಕಾಲ ಶುರುವಾಗೋ ಮೊದಲೇ ಫೋನ್ ಮಾಡು. ಬರದಿದ್ದರೆ ಸಂಜೆ ಬರೋ ಇನ್ನೊಂದು ಸಂಬಂಧಕ್ಕೆ ಮಾತು ಕೊಡ್ತೀನಿ."

ನೋಡಿದರೆ ಅವನ ಮೊಬೈಲಿನ ಬ್ಯಾಟರಿ ಖಾಲಿ. ಕ್ಯಾಷಿಯರ ಮಗ ತನ್ನ ಚಾರ್ಜರ್ ತಂದ, ಪಿನ್ನು ಹಿಡಿಸಲಿಲ್ಲ. ಮನೆಯ ತಂತಿ ಫೋನನ್ನು, ಮೊಬೈಲು ಬಂದ ಮೇಲೆ ಇನ್ನೇಕೆಂದು, ಅವನೇ ತೆಗೆಸಿಹಾಕಿದ್ದ.

"ನನ್ನ ಮೊಬೈಲಿಂದಲೇ ಮಾಡಿ ಬಾವಗಾರು."

"ಕದ್ದ ಮಾಲಿನಲ್ಲಿ ನನ್ನ ಮದುವೆ ಮಾತೇ?"

ಸೋದರಮಾವ ನಿಟ್ಟುಸಿರಿಟ್ಟರಂತೆ: "ಜಾತಕ ಕೂಡಿತು, ಗೋತ್ರ ಕೂಡಿತು. ಚಾರ್ಜರ್ ಕೂಡಿಸೋ ಜೋಯಿಸರನ್ನ ಎಲ್ಲಿಂದ ತರಲಿ?"

೩. ಗಂಧ, ಕುಂಕುಮ, ತೀರ್ಥ

ಊರಿನ ಇಂದ್ರಕೀಲಾದ್ರಿ ಬೆಟ್ಟದಲ್ಲಿ ಅಮ್ಮನವರ ದರ್ಶನ ಮುಗಿಸಿ, ಪ್ರಸಾದ ಕೊಡಲು ನಾನು ಅವರ ಮನೆಗೆ ಹೋದದ್ದು ಆಗಲೇ. ಮುಂದಿನದೆಲ್ಲ ಕಣ್ಣಾರೆ ಕಂಡದ್ದು.

ರಾಹುಕಾಲ ಹತ್ತಿರವಾದಂತೆ ಹುಡುಗನ ಹಟ ಇಳಿಯಿತು. "ಕೊಡಿ, ಅದರಲ್ಲೇ ಮಾಡ್ತೀನಿ" ಎಂದ. ನೋಡಿದರೆ ಮೇಜಿನ ಮೇಲಿದ್ದ ಎರಡೂ ಮೊಬೈಲು ಮಾಯ! ದೇವರ ಮನೆಯಲ್ಲಿ, ಹೊಲಿಗೆ ಯಂತ್ರ, ಈಳಿಗೆಮಣೆಗಳ ನಡುವೆ ಅವು ಜೋಡಿಯಾಗಿ ಕೂತಿದ್ದವು. ಮಾತಿನ ತೂತಿಗೆ ಗಂಧ, ಗುಂಡಿಗಳಿಗೆ ಕುಂಕುಮ. ಅಜ್ಜಿ ಭಕ್ತಿಯಿಂದ ಕಲಶದ ನೀರನ್ನೂ ಧಾರಾಳವಾಗಿ ಪ್ರೋಕ್ಷಿಸಿದ್ದರು.

ಎರಡೂ ಉಸಿರೆತ್ತಲಿಲ್ಲ.

"ನಮ್ಮದು ನೀರು ಬಿದ್ದ ಮೇಲೂ ಒಂದು ಸಲ ಮಿಣುಕಿತು!" ಎಂದ ಕ್ಯಾಷಿಯರ ಮಗ.

"ನಮ್ಮದು ನೀರಿಗೆ ಸತ್ತದ್ದೇ ಅಲ್ಲ. ಮೊದಲೇ ಆರಿತ್ತು!"

ಅಷ್ಟರಲ್ಲಿ ಹುಡುಗಿ ಚಪ್ಪಲಿ ಮೆಟ್ಟಿ, ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ, ಪೆಂಡುರ್ತಿಗೆ ತಾನೇ ಮಾತಾಡಿ ಬಂದಳು. "ಅತ್ತಯ್ಯಗಾರು ಒಪ್ಪಿದರು. ಮುಹೂರ್ತ ಮಾಘದಲ್ಲಿ" ಎಂದಳು.

ಜಗಳವಾಡುತ್ತಿದ್ದವರಿಗೆ ಅದು ಕೇಳಿಸಲೇ ಇಲ್ಲ. ಆಗ ಅಜ್ಜಿ ಕಲಶವನ್ನೆತ್ತಿಕೊಂಡು ನಿಧಾನವಾಗಿ ಹೇಳಿದರು: "ಜಗಳ ಯಾಕ್ರಪ್ಪಾ? ಬರೋ ವರ್ಷ ನಿಮ್ಮ ಗೋಪುರಗಳಿಗೂ ನಾನೇ ಬಂದು ಪೂಜೆ ಮಾಡ್ತೀನಿ."

ಇಬ್ಬರೂ ಒಂದೇ ಉಸಿರಿನಲ್ಲಿ, "ಬೇಡಜ್ಜಿ!" ಎಂದರು. ಆ ಎರಡು ಕಂಪನಿಗಳ ನಡುವೆ ನಾನು ಕಂಡ ಮೊದಲ ಒಪ್ಪಂದ ಅದೇ.

ನಿಮ್ಮಲ್ಲಿಗೆ ಹೆಣ್ಣು ನೋಡಲು ಯಾರಾದರೂ ಬಂದರೆ, ಕಾಫಿ ಆರುವ ಮುಂಚೆ ಅವರಿಗೂ ಇದನ್ನು ಹೇಳಿ.