ರಿಯಲ್ ಟೈಮ್ ಎಂಬ ಟಿಕ್ಕಿನ ಪ್ರತಾಪ

ನಿಯಮ ಬರೆಯುವವರು ಒಂದು ಸಾಲು ಉಳಿಸಿದರೆ, ಇಲ್ಲಿ ಯಾರೋ ಒಬ್ಬ ತಲೆ ಚಚ್ಚಿಕೊಳ್ಳಬೇಕು. ನಮ್ಮ ಕಸುಬಿನಲ್ಲಿ ಇದು ನಿಂತದ್ದೇ ಇಲ್ಲ.

೧. ಟಿಕ್ ಹಾಕಿದ್ದು

ನಾನು ಕಾಲೇಜಿನಲ್ಲಿ ಕಲಿತವನಲ್ಲ, ಲೋಕಲ್ ಟ್ರೈನಿನಲ್ಲಿ ಫೋನ್ ನೋಡಿ ಕಲಿತವನು. ರೆಕಾರ್ಡಿಂಗ್ ಸಾಫ್ಟ್‌ವೇರಿನ ಒಳಗೆ ಕೂರಿಸುವ ಪುಟ್ಟ ಪ್ಲಗಿನ್‌ಗಳನ್ನು ಮಾಡುತ್ತೇನೆ. ಹಾಡಿನ ಹಿಂದಿನ ಫ್ಯಾನಿನ ಸದ್ದು ಅಳಿಸುವ ಒಂದನ್ನು ಮಾಡಿದೆ. ಹೊರಬಿಡುವ ಮುಂಚೆ 'ರಿಯಲ್ ಟೈಮ್' ಎಂಬಲ್ಲಿ ಟಿಕ್ ಹಾಕಬೇಕೋ ಬೇಡವೋ ತೀರ್ಮಾನಿಸಬೇಕು. ಹಾಗೆಂದರೇನೆಂದು ಪ್ಲಗಿನ್ ಮಾಡುವವರೆಲ್ಲ ಪಾಲಿಸಬೇಕಾದ ನಿಯಮದಲ್ಲಿ ಇದ್ದದ್ದು ಒಂದೇ ಸಾಲು. ವೇದಿಕೆಯಲ್ಲಿ ಹಾಡುತ್ತಿರುವಾಗಲೇ ಕೆಲಸ ಮಾಡುವಷ್ಟು ಚುರುಕು ಎಂದು ಓದಿಕೊಂಡು ಟಿಕ್ ಹಾಕಿದೆ.

ವಿಠ್ಠಲವಾಡಿಯಲ್ಲಿ ಸ್ಟುಡಿಯೋ ಇಟ್ಟಿರುವ ಕುಂದಾಪುರದ ಗೆಳೆಯನ ಸಾಫ್ಟ್‌ವೇರ್ ಬೇರೆ ಥರ ಓದಿತು: ಇದು ಗಡಿಯಾರದ ಜೊತೆಯೇ ನಡೆಯತಕ್ಕದ್ದು, ಅವಸರಪಡಿಸಬಾರದು. ತಿದ್ದಿದ ಹಾಡನ್ನು ಫೈಲ್ ಮಾಡಲು ಹೊರಟರೆ, ಚಿಟಿಕೆಯಲ್ಲಿ ಮುಗಿಯಬೇಕಾದದ್ದು ಹಾಡು ಎಷ್ಟು ಉದ್ದವೋ ಅಷ್ಟು ಹೊತ್ತು ಹಿಡಿಯಿತು.

"ಮಾರಾಯ, ನಿನ್ನ ಪ್ಲಗಿನ್ ಸರ್ಕಾರಿ ನೌಕರಿಗೆ ಸೇರಿತಾ?" ಎಂದು ಕೇಳಿದ.

೨. ಟಿಕ್ ತೆಗೆದದ್ದು

ತೆಗೆದೆ. ಅವನ ಕೆಲಸ ಸರಾಗವಾಯಿತು. ಆದರೆ ಪಕ್ಕದೂರು ಕಲ್ಯಾಣದ ಭಜನಾ ಮಂಡಳಿಯ ಸಾಫ್ಟ್‌ವೇರ್, ಟಿಕ್ ಇಲ್ಲದ್ದು ವೇದಿಕೆಗೆ ಲಾಯಕ್ಕಿಲ್ಲ ಎಂದು ನನ್ನ ಪ್ಲಗಿನ್ನನ್ನು ಹೊರಗಿಟ್ಟಿತು. ಮತ್ತೆ ಟಿಕ್ ಹಾಕಿದೆ; ಗೆಳೆಯನ ಲ್ಯಾಪ್‌ಟಾಪಿಗೂ ಅದೇ ಹೋಯಿತು. ಸಿಟ್ಟಿನಲ್ಲಿ ನಿಯಮ ಬರೆದವರಿಗೆ ಮೇಲ್ ಹಾಕಿ, ಇದರ ಅರ್ಥ ಏನೆಂದು ಕೇಳಿದೆ. ಅವರಲ್ಲಿ ಒಬ್ಬ, ನಾನು ಓದಿದ್ದೇ ಸರಿ ಎಂದ. ಇನ್ನೊಬ್ಬ, ನನ್ನ ಗೆಳೆಯನ ಸಾಫ್ಟ್‌ವೇರ್ ಓದಿದ್ದು ಸರಿ ಎಂದ.

ಆ ಒಂದು ಸಾಲನ್ನು ಇಬ್ಬರೂ ಒಟ್ಟಿಗೆ ಕೂತು ಬರೆದಿದ್ದರಂತೆ.

೩. ಡೊಂಬಿವಲಿಯಲ್ಲಿ ಆದದ್ದು

ಕನ್ನಡ ಸಂಘದ ಹುಡುಗಿಯರ ನೃತ್ಯರೂಪಕ. ಹಾಡುಗಳ ಕೊನೆಯ ತಿದ್ದುಪಡಿ ಗೆಳೆಯನ ಸ್ಟುಡಿಯೋದಲ್ಲಿ ಮುಗಿದದ್ದೇ ಆವತ್ತು ಮಧ್ಯಾಹ್ನ. ಪೆನ್ ಡ್ರೈವಿನಲ್ಲಿ ಫೈಲ್ ಬೇಕು ಎಂದು ಸೌಂಡಿನವನು ಮೊದಲೇ ಹೇಳಿದ್ದ. ಗೆಳೆಯ ಗ್ರೀನ್ ರೂಮಿನಲ್ಲೇ ಲ್ಯಾಪ್‌ಟಾಪ್ ಇಟ್ಟು ಫೈಲ್ ಮಾಡಲು ಹಚ್ಚಿದ. ನನ್ನ ಟಿಕ್ಕಿನ ದಯೆಯಿಂದ ಅದು ಆಮೆಯಂತೆ ತೆವಳಿತು. ಪ್ಲಗಿನ್ನಿನ ಟಿಕ್ ಇಲ್ಲದ ಪ್ರತಿಯು ಟಿಟ್ವಾಳಾದಲ್ಲಿ ನನ್ನ ಮನೆಯ ಕಂಪ್ಯೂಟರಿನಲ್ಲಿ ಉಳಿದಿತ್ತು. ಹೊತ್ತಿಗೆ ಸರಿಯಾಗಿ ಶುರುವಾಗದಿದ್ದರೆ ವೇದಿಕೆ ಮುಂದಿನ ತಂಡಕ್ಕೆ ಹೋಗುತ್ತಿತ್ತು. ತಿಂಗಳುಗಟ್ಟಲೆ ಕುಣಿದು ಕಲಿತ ಹುಡುಗಿಯರು ಹಚ್ಚಿದ ಬಣ್ಣ ತೊಳೆದುಕೊಂಡು ಮನೆಗೆ ಹೋಗಬೇಕಿತ್ತು.

"ಅಂಕಲ್, ಔರ್ ಕಿತನಾ?" ಎಂದು ಒಬ್ಬಳು ಬಾಗಿಲಲ್ಲಿ ಇಣುಕಿ, ಇನ್ನೆಷ್ಟು ಹೊತ್ತೆಂದು ಕೇಳಿದಳು. ನಾನು ಗೆಳೆಯನಿಗೆ ನಿಯಮ ಬರೆದವರ ಬೇಜವಾಬ್ದಾರಿ ವಿವರಿಸುತ್ತಿದ್ದೆ.

ನೃತ್ಯ ಕಲಿಸಿದ ವಿಜಯಪುರದ ಅಕ್ಕನವರು ಬಂದು ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ಈ ಲ್ಯಾಪ್‌ಟಾಪಿನಾಗ ಹಾಡು ಕೇಳಾಕ ಬರ್ತದೇನ್ರೀ?"

ಬರುತ್ತದೆ ಎಂದ ಗೆಳೆಯ.

"ಮತ್ತ ಫೈಲ್ ಯಾಕ್ ಬೇಕ್ರೀ? ಸ್ಪೀಕರಿನ ವೈರ್ ಇದಕ್ಕ ಹಚ್ಚಿ, ಹಾಡು ಬಿಡ್ರಿ."

ಹಚ್ಚಿದೆವು, ಬಿಟ್ಟೆವು. ಹುಡುಗಿಯರು ಹೊತ್ತಿಗೆ ಸರಿಯಾಗಿ ಕುಣಿದರು.

ಪರದೆ ಬಿದ್ದ ಮೇಲೆ ಅಕ್ಕನವರು, "ನಿಮ್ಮಿಬ್ಬರೊಳಗ ಸಾಫ್ಟ್‌ವೇರ್ ತಿಳಿದವ್ರು ಯಾರ್ರೀ?" ಎಂದು ಕೇಳಿದರು.

ನಾನು ಗೆಳೆಯನತ್ತ ಬೆರಳು ತೋರಿಸಿದೆ. ಅವನು ಆಗಲೇ ನನ್ನತ್ತ ತೋರಿಸಿ ಆಗಿತ್ತು.