ನರಕ್ಕೆ ಹೊದಿಸಿದ ಬೆಡ್‌ಶೀಟ್

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಹೊದಿಕೆ ಇದ್ದಷ್ಟು ನರ ಚಾಚು ಎಂದು ತಿದ್ದಿಕೊಳ್ಳಿ. ಇದು ನಿಮ್ಮ ಕಾಲೆಳೆಯುವ ಮಾತಲ್ಲ, ಒಂದು ಕಾಲೇಜಿನಲ್ಲಿ ನಿಜಕ್ಕೂ ನಡೆದ ಕತೆ. ಸುಳ್ಳೆಂದು ಕಂಡರೆ ನನಗೂ ಒಂದು ಬೆಡ್‌ಶೀಟ್ ಸುತ್ತಿ ಮೂಲೆಯಲ್ಲಿ ಕೂರಿಸಿ.

ಆ ಕಾಲೇಜಿನ ಜೀವಶಾಸ್ತ್ರದ ಮೇಷ್ಟ್ರಿಗೆ ನಿಧಾನಯ್ಯ ಎಂದು ಅಡ್ಡಹೆಸರು. ಸೊಳ್ಳೆ ಕಚ್ಚಿ, ಹೊಟ್ಟೆ ತುಂಬಿಸಿಕೊಂಡು, ಮನೆಗೆ ಹೋಗಿ ಮಲಗಿದ ಮೇಲೆ ಇವರು ಕೆರೆದುಕೊಳ್ಳುವರು. ಸ್ಟಾಫ್ ರೂಮಿನಲ್ಲಿ ಟೀ ಹೊತ್ತಿಗೆ ಕೇಳಿದ ಜೋಕಿಗೆ ಮಧ್ಯಾಹ್ನ ಹಾಜರಿ ಕೂಗುತ್ತಾ ಕೂಗುತ್ತಾ ಹೊಟ್ಟೆ ಹಿಡಿದುಕೊಂಡು ನಗುವರು. ಅಂಥವರಿಗೆ ಪಾಠ ಮಾಡಲು ಸಿಕ್ಕಿದ್ದು ನೋಡಿ: ನರದಲ್ಲಿ ಸಂಕೇತ ಎಷ್ಟು ವೇಗವಾಗಿ ಓಡುತ್ತದೆ!

ಅವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅದನ್ನು ಕಾಯಂ ಮಾಡಬೇಕಾದ ಪ್ರಿನ್ಸಿಪಾಲರಿಗೆ ಅದೇ ವಾರ ನಿವೃತ್ತಿ. "ನರತಜ್ಞೆ ಡಾಕ್ಟರಮ್ಮ ಬರ್ತಾರೆ. ಅವರೆದುರು ಒಂದು ಪ್ರಾತ್ಯಕ್ಷಿಕೆ ಕೊಡಿ. ಅವರು ಭೇಷ್ ಅಂದ್ರೆ ಅಲ್ಲೇ ಸಹಿ ಹಾಕ್ತೀನಿ" ಎಂದಿದ್ದರು.

ಆ ಬೆಳಿಗ್ಗೆ ನಿಧಾನಯ್ಯ ಮನೆಯ ಬೆಡ್‌ಶೀಟುಗಳನ್ನೆಲ್ಲ ಗಂಟು ಕಟ್ಟುತ್ತಿದ್ದಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತರು.

"ಅದೆಲ್ಲ ಎಲ್ಲಿಗ್ರೀ?"

"ನರಕ್ಕೆ."

"ನರಕಕ್ಕಾ? ಅಲ್ಲಿ ಬಿಸಿ ಇರುತ್ತಂತೆ, ಹೊದ್ದುಕೊಳ್ಳೋಕೆ ಯಾಕೆ?"

ಮೇಷ್ಟ್ರು ನಗಲಿಲ್ಲ. ಕಾಲೇಜಿನ ಮೆಟ್ಟಿಲು ಹತ್ತುವಾಗ ಒಬ್ಬರೇ ಕಿಸಕ್ಕನೆ ನಕ್ಕರು.

ಅವರ ಯೋಜನೆ ಮಾತ್ರ ಸೊಗಸಾಗಿತ್ತು. ಸಭಾಂಗಣದಲ್ಲಿ ಜನರ ಎರಡು ಸಾಲು. ಮೊದಲನೆಯದು ಹೊದಿಕೆ ಇಲ್ಲದ ಬರಿಯ ನರ. ಅಲ್ಲಿ ಒಂದು ಚೆಂಡು ಒಬ್ಬರೂ ಬಿಡದಂತೆ ಕೈಯಿಂದ ಕೈಗೆ ತೆವಳಬೇಕು. ಎರಡನೆಯದರಲ್ಲಿ ಹುಡುಗರಿಗೆ ಬೆಡ್‌ಶೀಟ್ ಮುಸುಕು. ಅದು ನರದ ಸುತ್ತ ಇರುವ ಕೊಬ್ಬಿನ ಪದರ, ಅಂದರೆ ಮೈಲಿನ್ ಹೊದಿಕೆ. ನಡುನಡುವೆ ಒಂದೊಂದು ಸಂದು, ಆ ಸಂದಿನಲ್ಲಿ ಮುಸುಕಿಲ್ಲದೆ ಕೂತ ಒಬ್ಬೊಬ್ಬರು: ಲೈಬ್ರರಿ ಮೇಡಂ, ಟೈಪಿಸ್ಟು, ಹೀಗೆ. ಚೆಂಡು ಮುಸುಕಿನವರ ತಲೆ ಮೇಲೆ ಹಾರಿ ಸಂದಿನಿಂದ ಸಂದಿಗೆ ನೆಗೆದು, ಕೊನೆಗೆ ಜವಾನನ ಕೈ ಸೇರಿದರೆ ಅವನು ಗಂಟೆ ಬಾರಿಸುತ್ತಾನೆ. ಅವನೇ ಸ್ನಾಯು.

"ಜೀವಮಾನದಲ್ಲಿ ಮೊದಲನೇ ಸಲ ಸ್ನಾಯು ಅನ್ನಿಸಿಕೊಂಡೆ ಸಾರ್" ಎಂದು ಜವಾನ ತನ್ನ ಕಡ್ಡಿ ತೋಳನ್ನು ಸವರಿಕೊಂಡ.

ಇಲ್ಲಿಯವರೆಗೆ ಎಲ್ಲ ಸರಿ. ಆದರೆ ವೇದಿಕೆಯ ಪರದೆಯ ಹಿಂದೆ ಭೌತಶಾಸ್ತ್ರದ ಮೇಷ್ಟ್ರು ಮೈಕು ಸರಿ ಮಾಡುತ್ತಿದ್ದರು. ಎಲ್ಲರೂ ಅವರನ್ನು ಗಿಳಿ ಎನ್ನುತ್ತಿದ್ದರು. ಯಾರ ದನಿಯನ್ನಾದರೂ ಸರಿ, ಒಮ್ಮೆ ಕೇಳಿದರೆ ಹಾಗೇ ಒಪ್ಪಿಸಬಲ್ಲವರು. ಅವರ ಗಂಟಲು ತುರಿಸಿತು.

"ಹ್ಞುಂ... ಹ್ಞುಂ..." ಪರದೆಯ ಹಿಂದಿನಿಂದ ಸಾಕ್ಷಾತ್ ಪ್ರಿನ್ಸಿಪಾಲರ ದನಿ. "ಏನ್ರೀ ಮೇಷ್ಟ್ರೇ, ನಡುನಡುವೆ ಹರಿದುಹೋದ ಹಾಗೆ ಸಂದು ಬಿಟ್ಟಿದ್ದೀರಲ್ಲ? ಅತಿಥಿಗಳ ಮುಂದೆ ಮಾನ ಹೋಗೋದಿಲ್ವೇ? ಎಲ್ಲಾ ಮುಚ್ಚಿ!"

ನಿಧಾನಯ್ಯ ಪರದೆಗೇ ಕೈಮುಗಿದರು. "ಸಾರ್, ಆ ಸಂದಿನಲ್ಲೇ ವಿಷಯ ಇರೋದು..."

"ನಿಮ್ಮ ಆರ್ಡರ್‌ಗೆ ಸಹಿ ಹಾಕೋರು ಯಾರ್ರೀ?"

"ತಾವು ಸಾರ್."

"ಹಾಗಾದ್ರೆ ಮುಚ್ಚಿ!"

ಮುಚ್ಚಿದರು. ಲೈಬ್ರರಿ ಮೇಡಂ ಮುಸುಕಿನೊಳಗಿಂದ ಗೊಣಗಿದರು: "ಅಲ್ಲಾ ಮೇಷ್ಟ್ರೇ, ನಂಗೇನೂ ಕಾಣಿಸ್ತಿಲ್ಲ. ಚೆಂಡು ಹೇಗಪ್ಪಾ ಹಿಡೀಲಿ?"

"ಮೇಲಿನವರ ಅಪ್ಪಣೆ ಮೇಡಂ. ಹೇಗೋ ಹಿಡೀರಿ."

ಗಿಳಿ ಮೇಷ್ಟ್ರು ನಗುತ್ತಾ ಹೊರಬಂದು ನಿಜ ಹೇಳಿಬಿಡುವವರಿದ್ದರು. ಅಷ್ಟರಲ್ಲಿ ಡಾಕ್ಟರಮ್ಮನನ್ನು ಗೇಟಿನಿಂದ ಕರೆದುಕೊಂಡು ಅಸಲಿ ಪ್ರಿನ್ಸಿಪಾಲರು ಒಳಬಂದರು. ಗಿಳಿ ಮತ್ತೆ ಪರದೆಯೊಳಗೆ ಹೊಕ್ಕಿತು. ಪರದೆಯ ಹಿಂದಿದ್ದವರು ಗೇಟಿನಿಂದ ಹೇಗೆ ಬಂದರು ಎಂಬ ಪ್ರಶ್ನೆ ನಿಧಾನಯ್ಯನವರಿಗೆ ಇನ್ನೂ ತಲುಪಿರಲಿಲ್ಲ.

ಪ್ರಾತ್ಯಕ್ಷಿಕೆ ಶುರುವಾಯಿತು. ಬರಿಯ ನರದಲ್ಲಿ ಚೆಂಡು ಬಸವನಹುಳುವಿನಂತೆ ಹೊರಟಿತು. ಹೊದಿಕೆಯ ನರದಲ್ಲಿ ಹಾರಿತು. ಆದರೆ ಹಿಡಿಯಲು ಒಂದೇ ಒಂದು ಕೈ ಹೊರಗಿಲ್ಲ! ಲೈಬ್ರರಿ ಮೇಡಂ ತಲೆಗೆ ಬಡಿದು, "ಅಯ್ಯೋ, ಯಾರದು!" ಎನ್ನಿಸಿ, ಟೈಪಿಸ್ಟ್ ಬೆನ್ನಿಗೆ ಪುಟಿದು, ಸೀದಾ ಡಾಕ್ಟರಮ್ಮನ ಕಾಲ ಬಳಿಗೆ ಉರುಳಿತು. ಗಾಬರಿಯಾದ ಟೈಪಿಸ್ಟು ಮುಸುಕಿನ ಸಮೇತ ಎದ್ದು, ಎಡವಿ, ಪಕ್ಕದವನ ಮಡಿಲಲ್ಲಿ ಕೂತರು. ಸಭಾಂಗಣ ಬಿದ್ದು ಬಿದ್ದು ನಕ್ಕಿತು, ನಿಧಾನಯ್ಯನವರ ಹೊರತು.

"ಹ್ಞುಂ... ಹ್ಞುಂ... ಏನ್ರೀ ಇದು?" ಪ್ರಿನ್ಸಿಪಾಲರು ಕೆಂಡವಾದರು.

ನಿಮ್ಮ ಅಪ್ಪಣೆಯೇ ಅಲ್ಲವೇ ಎಂದು ನಿಧಾನಯ್ಯನವರ ನಾಲಗೆಯ ತುದಿಗೆ ಬಂತು. ಆದರೆ ನಿವೃತ್ತರಾಗುತ್ತಿರುವ ಹಿರಿಯರು, ಮರೆತಿರಬಹುದು. ತುಂಬಿದ ಸಭೆಯಲ್ಲಿ ಅವರ ಮಾನ ಕಳೆಯುವುದೇ? ನಿಧಾನಯ್ಯ ಡಾಕ್ಟರಮ್ಮನ ಕಡೆ ತಿರುಗಿದರು.

"ಸಂದು ಇಲ್ಲದಿದ್ರೆ ಏನಾಗುತ್ತೆ ಅಂತ ಮೊದಲು ತೋರಿಸಿದೆ ಮೇಡಂ. ಹೊದಿಕೆ ಸಂಕೇತವನ್ನ ಸೋರದ ಹಾಗೆ ಕಾಯುತ್ತೆ, ನಿಜ. ಆದ್ರೆ ಅದು ದೂರ ಹೋಗ್ತಾ ಹೋಗ್ತಾ ಸೊರಗುತ್ತೆ. ಸಂದಿನಲ್ಲಿ ಮತ್ತೆ ಹೊಸ ಕಸುವು ಸಿಗಬೇಕು. ಪೂರ್ತಿ ಮುಚ್ಚಿದ್ರೆ ದಾರೀಲೇ ಸತ್ತುಹೋಗುತ್ತೆ. ಈಗ ನೋಡಿ."

ಸಂದಿನವರ ಮುಸುಕು ತೆಗೆದರು. ಚೆಂಡು ಮೇಡಂ ಕೈಗೆ, ಅಲ್ಲಿಂದ ಟೈಪಿಸ್ಟ್ ಕೈಗೆ, ಅಲ್ಲಿಂದ ಮುಂದಕ್ಕೆ ಟಣ್ಣ ಟಣ್ಣ ನೆಗೆಯಿತು. ಬರಿಯ ನರದ ಚೆಂಡು ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ಸ್ನಾಯು ಗಂಟೆ ಬಾರಿಸಿತು. ಬಾರಿಸಿದ್ದು ಸಾಲದೆಂದು ಬಾರಿಸುತ್ತಲೇ ಇತ್ತು.

"ಭೇಷ್!" ಎಂದರು ಡಾಕ್ಟರಮ್ಮ. "ತಪ್ಪು ಮಾಡಿ ತೋರಿಸಿ ಕಲಿಸೋ ಧೈರ್ಯ ಎಲ್ಲರಿಗೂ ಇರೋದಿಲ್ಲ."

ಚಪ್ಪಾಳೆಯ ನಡುವೆ ಗಿಳಿ ಮೇಷ್ಟ್ರು ಓಡಿಬಂದು ಕಿವಿಯಲ್ಲಿ ಉಸುರಿದರು. ಪಾಪ, ಹಣೆ ಬೆವರಿತ್ತು. "ಕ್ಷಮಿಸಿ ಸಾರ್. ಮುಚ್ಚಿ ಅಂದ ಆ ದನಿ ನಂದು. ಇಷ್ಟು ದೂರ ಹೋಗುತ್ತೆ ಅಂದ್ಕೊಂಡಿರಲಿಲ್ಲ."

"ಹೌದಾ?" ಎಂದರು ನಿಧಾನಯ್ಯ. ಎಂದು ಬೆಡ್‌ಶೀಟುಗಳನ್ನು ರಾಶಿ ಹಾಕತೊಡಗಿದರು.

ಪ್ರಿನ್ಸಿಪಾಲರು ಆರ್ಡರ್ ಕಾಗದವನ್ನು ಮೇಜಿನ ಮೇಲೆ ಹರಡಿ, ಪೆನ್ನಿನ ಮುಚ್ಚಳ ತೆಗೆದರು. ಸಹಿಗೆ ಮುಂಚೆ ವಿದಾಯದ ನಾಲ್ಕು ಮಾತು ಆಡುವ ಮನಸ್ಸಾಯಿತು. ಕಣ್ಣು ಒದ್ದೆಯಾಯಿತು.

"ಹ್ಞುಂ... ಹ್ಞುಂ... ಈ ಗೋಡೆಗಳು ಇಷ್ಟು ವರ್ಷ ನನ್ನ ದನಿ ಕೇಳಿವೆ. ನಾನು ಹೋದ ಮೇಲೆ, ಈ ದನಿ ನಿಮಗೆ ಇನ್ನೆಲ್ಲಿ ಕೇಳಿಸುತ್ತೆ?"

ಲೈಬ್ರರಿ ಮೇಡಂ ಬೆಡ್‌ಶೀಟಿನ ಅಂಚಿನಿಂದಲೇ ಕಣ್ಣು ಒರೆಸಿಕೊಂಡರು.

ಸರಿಯಾಗಿ ಆ ಗಳಿಗೆಯಲ್ಲಿ ಸಂಕೇತ ತಲುಪಿತು.

ನಿಧಾನಯ್ಯನವರ ಭುಜ ಮೊದಲು ಅಲುಗಿತು. ಕೆನ್ನೆ ಉಬ್ಬಿತು. ಕರವಸ್ತ್ರ ತುರುಕಿಕೊಂಡರು, ನಿಲ್ಲಲಿಲ್ಲ. ಕುಕ್ಕರ್ ಸೀಟಿ ಹೊಡೆದ ಹಾಗೆ ನಗು ಚಿಮ್ಮಿತು. "ಪರದೆ... ಪರದೆ ಹಿಂದೆ ಕೇಳಿಸುತ್ತೆ ಸಾರ್!" ಎಂದವರೇ ಹೊಟ್ಟೆ ಹಿಡಿದುಕೊಂಡು ಬೆಡ್‌ಶೀಟ್ ರಾಶಿಯ ಮೇಲೆ ಕುಸಿದರು.

ಪ್ರಿನ್ಸಿಪಾಲರು ಕಣ್ಣೊರೆಸಿಕೊಂಡರು. ಪೆನ್ನಿಗೆ ಮುಚ್ಚಳ ಹಾಕಿದರು. "ಇವರ ವಿಷಯ ಹೊಸಬರು ಬಂದು ನೋಡ್ಕೊಳ್ಳಲಿ" ಎಂದು ಹೊರಟೇಹೋದರು.

"ಸಾರ್, ನಗು ಸಾಕು ಮಾಡಿ!" ಗಿಳಿ ಮೇಷ್ಟ್ರು ಅಳುವ ದನಿಯಲ್ಲಿ ಅವರ ಭುಜ ಅಲುಗಿಸಿದರು. ಈ ಸಲ ಅದು ಅವರದೇ ದನಿ. "ಸಹಿ ಹಾಕ್ಲಿಲ್ಲ ಸಾರ್, ಹೋಗ್ಬಿಟ್ರು!"

"ಹೌದಾ?" ಎಂದರು ನಿಧಾನಯ್ಯ ಕಣ್ಣೀರು ಒರೆಸಿಕೊಳ್ಳುತ್ತಾ. ಆ ಸುದ್ದಿ ಅವರನ್ನು ತಲುಪಲು ಇನ್ನೂ ಬೇಕಾದಷ್ಟು ಹೊತ್ತಿತ್ತು. ಅಲ್ಲಿಯವರೆಗೆ ಎಲ್ಲರಿಗಿಂತ ಜೋರಾಗಿ ನಕ್ಕರು.