ಅಳಿಯ ಕಾವಿಗೆ ಕೂತದ್ದು

ಮಹದೇವಸ್ವಾಮಿ ಅವತ್ತು ಬೆಳಿಗ್ಗೆ ಕವುಚಿಟ್ಟಿದ್ದ ಆ ಬಿದಿರಿನ ಮಂಕರಿಯನ್ನು ಎತ್ತಬಾರದಿತ್ತು. ಎತ್ತಿದ್ದೇನೋ ಒಳ್ಳೆಯ ಉದ್ದೇಶಕ್ಕೇ. ಒಳಗೆ ಕಾವಿಗೆ ಕೂತಿದ್ದ ಕೋಳಿಯ ಒಂದು ಫೋಟೊ ತೆಗೆದು ಅತ್ತೆಗೆ ಕಳಿಸೋಣ, ಅಳಿಯ ಎಷ್ಟು ಜೋಪಾನವಾಗಿ ನೋಡಿಕೊಂಡಿದ್ದಾನೆ ಅಂತ ಅವರಿಗೂ ಗೊತ್ತಾಗಲಿ ಎಂದುಕೊಂಡಿದ್ದ.

ಅತ್ತೆ ಹೊಂಬಾಳಮ್ಮನವರದು ಮಳವಳ್ಳಿ ಪಕ್ಕದ ಹಳ್ಳಿ. ಕಣ್ಣಿನ ಪೊರೆ ತೆಗೆಸಲು ಮಂಡ್ಯಕ್ಕೆ ಹೊರಟಾಗ ಆಕೆ ಮನೆ, ಎಮ್ಮೆ, ಹಿತ್ತಲು ಎಲ್ಲವನ್ನೂ ಅಕ್ಕಪಕ್ಕದವರಿಗೆ ಒಪ್ಪಿಸಿದ್ದರು. ಕಾವಿಗೆ ಕೂತಿದ್ದ ಗಿಡ್ಡ ಕೋಳಿಯೊಂದನ್ನು ಮಾತ್ರ ಯಾರಿಗೂ ನಂಬಿ ಕೊಡಲಾರದೆ, ಮೊಟ್ಟೆ ಸಮೇತ ಮಡಿಲಲ್ಲಿಟ್ಟುಕೊಂಡು ಬಂದು ಭಾರತೀನಗರದ ಮಗಳ ಮನೆಯಲ್ಲಿ ಇಳಿಸಿದ್ದರು. ಗಿಡ್ಡ ಕೋಳಿ ಎಂದರೆ ಪಾರಿವಾಳಕ್ಕಿಂತ ಒಂದು ಹಿಡಿ ದೊಡ್ಡದು, ಅಷ್ಟೇ. ಸಿಟ್ಟು ಮಾತ್ರ ಜಮೀನು ಅಳೆಯಲು ಬಂದ ದಾಯಾದಿಯದು.

"ಮರಿ ಆಗೋಗಂಟ ಯಾರೂ ಮುಟ್ಟಕ್ಕೋಗ್ಬ್ಯಾಡಿ ಅಳಿಯಂದ್ರೇ," ಎಂದು ಹೇಳಿ, ಆಕೆ ಮಗಳ ಕಡೆ ತಿರುಗಿ, ಅಳಿಯನಿಗೆ ಕೇಳಿಸುವಷ್ಟು ಮೆಲ್ಲಗೆ, "ಇದನ್ನಾದ್ರೂ ನೆಟ್ಟಗೆ ನೋಡ್ಕತಾರೇನವ್ವ?" ಎಂದಿದ್ದರು. ಮದುವೆಯಾದ ಹೊಸತರಲ್ಲಿ ಕಾಯಲು ಹೇಳಿದ್ದ ಮೇಕೆಮರಿಯನ್ನು ನಾಯಿ ಎಳೆದೊಯ್ಯುವಾಗ ಅಳಿಯ ಹುಣಸೆಮರದ ಕೆಳಗೆ ಗೊರಕೆ ಹೊಡೆಯುತ್ತಿದ್ದದ್ದನ್ನು ಅವರು ಇನ್ನೂ ಮರೆತಿರಲಿಲ್ಲ.

ಇವತ್ತು ಸಂಜೆ ಹೆಂಡತಿ ಪುಷ್ಪಾ ಅತ್ತೆಯನ್ನು ಮಂಡ್ಯದಿಂದ ಕರೆದುಕೊಂಡು ಬರುವವಳಿದ್ದಳು. ಮರಿಗಳು ಹೊರಬರುವ ದಿನವೂ ಇವತ್ತೇ. ಮಹದೇವಸ್ವಾಮಿ ಮಂಕರಿ ಎತ್ತಿದ, ಮೊಬೈಲು ಹಿಡಿದ, ಫ್ಲಾಶ್ ಮಿಂಚಿತು. ಕೋಳಿ ಮೊಬೈಲಿಗೊಂದು ಮೂಗಿಗೊಂದು ಕುಕ್ಕಿ, ಕಾಂಪೌಂಡು ಹಾರಿ, ಹಿಂದಿನ ಕಬ್ಬಿನ ಗದ್ದೆಯಲ್ಲಿ ಮಾಯವಾಯಿತು. ಮಂಕರಿಯ ಜಾಗದಲ್ಲಿ ಐದು ಪುಟ್ಟ ಮೊಟ್ಟೆಗಳು ಅವನನ್ನೇ ನೋಡುತ್ತಾ ಉಳಿದವು.

ಗಲಾಟೆಗೆ ಪಕ್ಕದ ಮನೆಯ ಸಣ್ಣತಾಯಮ್ಮ ಗೋಡೆಯ ಮೇಲಿಂದ ಇಣುಕಿದರು.

"ಯಾಕಪ್ಪಾ ಮಾದೇಸಾಮಿ, ಕೋಳಿ ಓಡಿಸ್ಬುಟ್ಟಾ?"

"ನಾನೆಲ್ಲಿ ಓಡಿಸ್ದೆ ಕಣಕ್ಕ, ಅದೇ ಓಡೋಯ್ತು. ಒಂದು ಫೋಟ ತೆಗೀತಿದ್ದೆ."

"ಬಾಣಂತಿ ಕ್ವಾಣೆಗೆ ನುಗ್ಗಿ ಫೋಟ ತೆಗೆದ್ರೆ ಯಾರ್ ಕೂತಿರ್ತಾರಪ್ಪ?" ಆಕೆ ಸುತ್ತಿಕೊಂಡು ಬಂದು ಒಂದು ಮೊಟ್ಟೆಯನ್ನು ಕಿವಿಗೆ ಹಿಡಿದರು. "ಒಳಗೆ ಕುಟುಕ್ತಾವೆ ಕಣ್ಲಾ! ಇವತ್ತೇ ಒಡೀತವೆ. ತಣ್ಣಗಾದ್ರೆ ಮಾತ್ರ ಎಲ್ಲಾ ಸತ್ತೋದ್ವು ಅನ್ಕೊ."

ಮಹದೇವಸ್ವಾಮಿಯ ಕಣ್ಣ ಮುಂದೆ ಅತ್ತೆಯ ಮುಖ ಬಂತು. ಸಣ್ಣತಾಯಮ್ಮನ ಮನೆಯಲ್ಲೂ ಮರಿ ಹಾಕಿಕೊಂಡು ಓಡಾಡುವ ಒಂದು ಹ್ಯಾಟೆ ಕೋಳಿ ಇತ್ತು. ಅದರ ರೆಕ್ಕೆಯಡಿ ಮೊಟ್ಟೆ ತೂರಿಸಲು ಹೋದವನ ಕೈಯನ್ನು ಅದು ರಾಗಿ ಕಾಳು ಹೆಕ್ಕುವ ಹಾಗೆ ಕುಕ್ಕಿ ಕಳಿಸಿತು. ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬು ಇಳಿಬಿಟ್ಟ. ಬಲ್ಬು ಬೆಚ್ಚಗಾಗುವ ಹೊತ್ತಿಗೆ ಕರೆಂಟು ಹೋಯಿತು.

"ಬಲ್ಬು ಗಿಲ್ಬು ಬುಡು ಅತ್ಲಾಗೆ," ಎಂದರು ಸಣ್ಣತಾಯಮ್ಮ. "ಮನುಸನ ಮೈಕಾವು ಸಾಲದಾ? ಒಟ್ಟೆಗೆ ಕಟ್ಕೊಬುಡು."

ಅವನು ಬೇಡ ಎನ್ನುವುದರೊಳಗೆ ಆಕೆ ಹಳೆಯ ಹತ್ತಿ ಸೀರೆಯೊಂದನ್ನು ಸೀಳಿ, ಮೊಟ್ಟೆಗಳನ್ನು ಅವನ ಬನಿಯನ್ನಿನ ಒಳಗೆ ಸಾಲಾಗಿ ಇಟ್ಟು, ಸುತ್ತಿ, ಗಂಟು ಬಿಗಿದರು. ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಅವನು ಗುಮಾಸ್ತನಾಗಿದ್ದ ಕಾಲೇಜಿನ ಪ್ರಿನ್ಸಿಪಾಲರು.

"ಎಲ್ರೀ ಇದೀರಾ? ಹೊರಗಿನಿಂದ ತಪಾಸಣೆ ಸಮಿತಿ ಬರ್ತಿದೆ ಅಂತ ಗೊತ್ತಿಲ್ವಾ?"

"ಸಾರ್, ಹೊಟ್ಟೆ ಸರಿ ಇಲ್ಲ. ಇವತ್ತೊಂದು ದಿನ ರಜ..."

"ಇವತ್ತು ರಜ ತಗೊಂಡ್ರೆ ನಾಳೆಯಿಂದ ದಿನಾ ರಜನೇ. ಬನ್ನಿ!"

ಮಹದೇವಸ್ವಾಮಿ ಆಟೊ ಹತ್ತಿದ. ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಲಾರಿಗಳು ಅಗೆದಿಟ್ಟ ರಸ್ತೆ ಅದು. ಹೊಂಡ ಬಂದಾಗಲೆಲ್ಲ ಸೀಟಿನಿಂದ ಅರ್ಧ ಎದ್ದು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು, "ಮೆಲ್ಲುಕೆ ಕಣಣ್ಣ, ಮೆಲ್ಲುಕೆ!" ಎಂದು ಅಂಗಲಾಚುತ್ತಿದ್ದ. ಆಟೊದವನು ಕನ್ನಡಿಯಲ್ಲಿ ನೋಡಿ ನೋಡಿ, ಕಡೆಗೆ ಆಸ್ಪತ್ರೆಯ ಮುಂದೆಯೇ ನಿಲ್ಲಿಸಿದ. ಅಲ್ಲಿಂದ ಅವನು ನಡೆದುಕೊಂಡು ಹೋದ, ತುಂಬಿದ ಕೊಡ ಹೊತ್ತವರ ಹಾಗೆ.

ಆಫೀಸಿನಲ್ಲಿ ಅವನು ಕುರ್ಚಿಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಅಟೆಂಡರ್ ಪುನೀತ್ ಫೈಲು ಕೇಳಿದರೆ "ಅಲ್ಲೇ ಇದೆ, ತಗೊಳಪ್ಪ" ಎನ್ನುತ್ತಿದ್ದ. ಫ್ಯಾನು ಹಾಕಿದರೆ ಆರಿಸೆನ್ನುತ್ತಿದ್ದ. ಬೆವರು ಕಿತ್ತುಕೊಂಡು ಬರುತ್ತಿತ್ತು. ಪಕ್ಕದ ಮೇಜಿನ ಚಂದನ ಇದನ್ನೆಲ್ಲ ಗಮನಿಸುತ್ತಿದ್ದಳು.

"ಸಾರ್, ಹರ್ನಿಯಾನಾ?" ಎಂದು ಪಿಸುಗುಟ್ಟಿದಳು. "ನಮ್ ಮಾವಂಗೂ ಹಿಂಗೇ ಉಬ್ಬಿತ್ತು. ನಾಚ್ಕೋಬೇಡಿ."

"ಏನಿಲ್ಲ ಕಣಮ್ಮ, ಗ್ಯಾಸು."

"ಗ್ಯಾಸು ಗಂಟುಗಂಟಾಗಿ ಇರಲ್ಲ ಸಾರ್."

ಹತ್ತು ನಿಮಿಷದಲ್ಲಿ ಆಫೀಸಿಗೆಲ್ಲ ಸುದ್ದಿ. ಒಬ್ಬರು ಜೀರಿಗೆ ನೀರು ತಂದರು. ಇನ್ನೊಬ್ಬರು ಮದ್ದೂರಿನಲ್ಲಿ ಒಳ್ಳೆಯ ಡಾಕ್ಟರಿದ್ದಾರೆಂದು ನಂಬರು ಕೊಟ್ಟರು. ಪುನೀತ್ ಮಾತ್ರ ಇದು ವಾಯುವೇ, ತಿಕ್ಕಿದರೆ ಹೋಗುತ್ತದೆ ಎಂದು ಎಣ್ಣೆ ಹಚ್ಚಿಕೊಂಡ ಕೈ ಚಾಚಿಯೇಬಿಟ್ಟ.

"ಮುಟ್ಟಿದ್ರೆ ಕೊಲೆಯಾಗ್ತದೆ ಕಣ್ಲಾ!" ಎಂದು ಮಹದೇವಸ್ವಾಮಿ ಕಿರುಚಿದ. ಹನ್ನೆರಡು ವರ್ಷದ ನೌಕರಿಯಲ್ಲಿ ಅವನು ದನಿ ಎತ್ತಿದ್ದು ಅದೇ ಮೊದಲು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು.

ಅದೇ ಹೊತ್ತಿಗೆ ಪ್ರಿನ್ಸಿಪಾಲರು ಸಮಿತಿಯವರನ್ನು ಕರೆದುಕೊಂಡು ಒಳಗೆ ಬಂದರು. ಮುಂದೆ ಇದ್ದವರು ಕನ್ನಡಕದ ಒಬ್ಬ ಮೇಡಂ. ನಗು ಎಂಬುದು ಅವರ ಮುಖಕ್ಕೆ ಮಂಜೂರಾಗಿರಲಿಲ್ಲ. ಎಲ್ಲರೂ ಎದ್ದು ನಿಂತರು. ಮಹದೇವಸ್ವಾಮಿಯೂ ಎದ್ದ, ಮುಕ್ಕಾಲು ಭಾಗ ಮಾತ್ರ.

"ಇವರು ನಮ್ಮ ಹಿರಿಯ ಗುಮಾಸ್ತರು, ಬಹಳ ಶಿಸ್ತು..." ಎಂದು ಪ್ರಿನ್ಸಿಪಾಲರು ಶುರು ಮಾಡಿದರು.

"ಪಿಯ್," ಎಂದಿತು ಮಹದೇವಸ್ವಾಮಿಯ ಹೊಟ್ಟೆ.

ಎಲ್ಲರೂ ತಮ್ಮ ತಮ್ಮ ಮೊಬೈಲು ಮುಟ್ಟಿ ನೋಡಿಕೊಂಡರು.

"ಪಿಯ್, ಪಿಯ್, ಪಿಯ್!"

"ಮಹದೇವಸ್ವಾಮಿ, ಮೊಬೈಲು ಸೈಲೆಂಟ್ ಮಾಡ್ರೀ," ಎಂದು ಪ್ರಿನ್ಸಿಪಾಲರು ಹಲ್ಲು ಕಚ್ಚಿದರು.

"ಆಗಲ್ಲ ಸಾರ್."

"ಯಾಕ್ರೀ ಆಗಲ್ಲ?"

"ಈಗ ತಾನೇ ಹುಟ್ಟಿದೆ ಸಾರ್."

ಅಂಗಿಯ ಎರಡು ಗುಂಡಿಗಳ ನಡುವಿನಿಂದ ನೆಂದ ಹತ್ತಿಯುಂಡೆಯಂಥ ಒಂದು ತಲೆ ಹೊರಬಂದು, ಮೇಡಂ ಅವರನ್ನು ಅಡಿಯಿಂದ ಮುಡಿಯವರೆಗೂ ತಪಾಸಣೆ ಮಾಡಿತು. ಪ್ರಿನ್ಸಿಪಾಲರು ಗೋಡೆ ಹಿಡಿದುಕೊಂಡರು.

ಮೇಡಂ ಬಗ್ಗಿದರು. "ಅಯ್ಯೋ, ಗಿಡ್ಡ ಕೋಳಿ ಅಲ್ವಾ? ನಮ್ಮಜ್ಜಿ ಸಾಕ್ತಿದ್ರು!" ಎಂದವರೇ ಅವನ ಮೇಜಿನ ಮೇಲೆಯೇ ಕೂತುಬಿಟ್ಟರು. ಲೈಬ್ರರಿ ನೋಡುವುದು ಉಳಿಯಿತು, ಲ್ಯಾಬು ನೋಡುವುದು ಉಳಿಯಿತು. ಊಟದ ಹೊತ್ತಿಗೆ ಐದೂ ಹೊರಬಂದವು. ಮೇಡಂ ನಗುನಗುತ್ತಾ ಕಾರು ಹತ್ತಿದ ಮೇಲೆ ಪ್ರಿನ್ಸಿಪಾಲರು ಅವನನ್ನು ಕರೆದು, "ಮನೆಗೆ ಹೋಗ್ರೀ ಮಾರಾಯ್ರೆ. ರಜ ಯಾವ ಲೆಕ್ಕಕ್ಕೆ ಬರ್ಕೊಳ್ಳಲಿ? ಹೆರಿಗೆದಾ?" ಎಂದು ಕೇಳಿದರು.

ಮಹದೇವಸ್ವಾಮಿ ಬೀಗುತ್ತಾ ಮನೆಗೆ ಬಂದ. ನೋಡಿದರೆ ಗಿಡ್ಡ ಕೋಳಿ ಏನೂ ಆಗದವರ ಹಾಗೆ ಅಂಗಳದಲ್ಲಿ ಮಣ್ಣು ಕೆದರುತ್ತಿದೆ. ಖುಷಿಯಿಂದ ಮರಿಗಳನ್ನು ಅದರ ಮುಂದೆ ಬಿಟ್ಟ. ಅದು ಕತ್ತು ಓರೆ ಮಾಡಿ ನೋಡಿ, ಇವು ಯಾರ ಮನೆಯವೋ ಎಂಬಂತೆ ಒಂದೊಂದಕ್ಕೂ ಒಂದೊಂದು ಕುಕ್ಕು ಕೊಟ್ಟಿತು. ಮರಿಗಳು ಅರಚುತ್ತಾ ಬಂದು ಅವನ ಕಾಲಿನ ಸಂದಿಯಲ್ಲಿ ಸೇರಿಕೊಂಡವು. ಅವನು ಅಡುಗೆಮನೆಗೆ ಹೋದರೆ ಅಡುಗೆಮನೆಗೆ, ನೀರಿನ ತೊಟ್ಟಿಗೆ ಹೋದರೆ ತೊಟ್ಟಿಗೆ, ಸಾಲುಗಟ್ಟಿ ಹಿಂದೆಯೇ ಬಂದವು.

ಸಂಜೆ ಕಪ್ಪು ಕನ್ನಡಕ ಹಾಕಿಕೊಂಡ ಅತ್ತೆ ಬಂದರು, ಹಿಂದೆ ಪುಷ್ಪಾ. ಮಹದೇವಸ್ವಾಮಿ ಒಂದನ್ನೂ ಮುಚ್ಚಿಡದೆ ಹೇಳಿ, ತಲೆ ತಗ್ಗಿಸಿ ನಿಂತ. ಹೊಂಬಾಳಮ್ಮ ಕನ್ನಡಕ ಸರಿಸಿ ಮರಿಗಳನ್ನು ನೋಡಿದರು, ಅಳಿಯನನ್ನು ನೋಡಿದರು.

"ಒಂದೂ ಕೆಟ್ಟಿಲ್ಲ ಕಣವ್ವ ಪುಸ್ಪಾ! ನಮ್ ಹ್ಯಾಟೆ ಕೂತ್ರೂ ಒಂದೋ ಎಲ್ಡೋ ಓಯ್ತಿದ್ವು. ನಿನ್ ಗಂಡ ಬಲೇ ಜವಾಬ್ದಾರಿ ಮನುಸ ಬುಡು."

ಮಹದೇವಸ್ವಾಮಿಗೆ ಇದೊಂದು ಮಾತಿಗಾಗಿ ಇನ್ನೂ ಐದು ಮೊಟ್ಟೆ ಕಟ್ಟಿಕೊಳ್ಳಬಹುದು ಎನ್ನಿಸಿತು.

"ರಾತ್ರಿ ಇದ್ದು ಹೋಗವ್ವ," ಎಂದು ಪುಷ್ಪಾ ಹೇಳಿದರೂ ಅತ್ತೆ ಎಮ್ಮೆಯ ನೆನಪು ತೆಗೆದು, ಕೋಳಿಯನ್ನು ಮಂಕರಿಯಲ್ಲಿ, ಮರಿಗಳನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟರು. ಮಹದೇವಸ್ವಾಮಿ ಹೊಟ್ಟೆಯ ಗಂಟು ಬಿಚ್ಚಿ ಎಸೆದು, ಚಾಪೆಯ ಮೇಲೆ ಬೋರಲಾಗಿ ಮಲಗಿ, ದೊಡ್ಡದೊಂದು ನಿಟ್ಟುಸಿರು ಬಿಟ್ಟ. ಕಣ್ಣಿಗೆ ಇನ್ನೇನು ಜೊಂಪು ಹತ್ತಬೇಕು, ಬಾಗಿಲು ದಬದಬ ಎಂದಿತು.

ಅತ್ತೆ ಏದುಸಿರು ಬಿಡುತ್ತಾ ನಿಂತಿದ್ದರು. ಚೀಲ ಪಿಯ್ಗುಟ್ಟುತ್ತಿತ್ತು.

"ಬಸ್ಸತ್ತಿದ್ದೇ ತಡ ಬಾಯಿ ಬಡ್ಕಳ್ಳಕ್ಕೆ ಸುರು ಮಾಡ್ಕಂಡ್ವು ಅಳಿಯಂದ್ರೇ. ಸೀಟ್ನವ್ರೆಲ್ಲ ಬೈದ್ರು. ಕಂಡಕ್ಟ್ರು ಇಳ್ಕಮ್ಮ ಅಂದ." ಚೀಲವನ್ನು ಅವನ ಮಡಿಲಿಗೆ ಬೋರಲು ಹಾಕಿದರು. "ಪುಕ್ಕ ಬಲಿಯೋಗಂಟ ನಿಮ್ತಾವೇ ಇರ್ಲಿ."

"ಅತ್ತೆ, ನಂಗೆ ಆಫೀಸಿದೆ!"

"ಜೊತೇಲಿ ಕರ್ಕೊಂಡೋಗಿ. ಅಲ್ಲೇ ಉಟ್ಟಿದ್ದಲ್ವಾ? ಅವ್ಕೂ ತವರುಮನೆ ಇದ್ದಂಗಾಯ್ತದೆ." ಆಕೆ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದರು. "ತಾಯಿ ಮಕ್ಕಳನ್ನ ಅಗಲಿಸಿದ ಪಾಪ ಈ ವಯಸ್ನಲ್ಲಿ ನಂಗ್ಯಾಕಪ್ಪ?"

ಐದೂ ಮರಿಗಳು ಮಹದೇವಸ್ವಾಮಿಯ ಅಂಗಿಯೊಳಗೆ ನುಗ್ಗಿ, ಒಂದನ್ನೊಂದು ಒತ್ತಿಕೊಂಡು ಸುಮ್ಮನಾದವು. ಹೊರಗೆ ಗಿಡ್ಡ ಕೋಳಿ ಅತ್ತೆಯ ಕಂಕುಳಿನ ಮಂಕರಿಯಲ್ಲಿ ಆರಾಮಾಗಿ ಕೂತು, ಮಕ್ಕಳು ಮರಿಗಳ ಗೊಡವೆಯೇ ಇಲ್ಲದೆ, ಮಳವಳ್ಳಿಯ ಕೊನೆಯ ಬಸ್ಸಿಗೆ ಹೊರಟಿತು.